ಹೆಬ್ಬೆರಳಲ್ಲಿ ಹಿಡಿದ ಬಿದಿರು

ದೊಡ್ಡವ್ವಾ,

ನಿನ್ನ ಮಾದೇವಿ ಡೆಲ್ಲಿಯ ಡಿಸೈನ್ ಕಾಲೇಜು ಸೇರಿ ಇಪ್ಪತ್ತು ದಿನವಾಯಿತು. ಎದುರು ಕೂತು ಕನ್ನಡ ಆಡುವವರು ಒಬ್ಬರೂ ಇಲ್ಲ.

ನಿನ್ನೆ ಬಿದಿರಿನ ಪಾಠ. ಎಲ್ಲರೂ ಮೇಜಿನ ಮೇಲೆ ಕಬ್ಬಿಣದ ಇಕ್ಕಳಕ್ಕೆ ಬಿದಿರು ಸಿಕ್ಕಿಸಿ ಹೆಣಗುತ್ತಿದ್ದರು. ನಾನು ಮೈಮರೆತು ನೆಲಕ್ಕೆ ಕೂತು, ಸೀಳನ್ನು ಕಾಲಿನ ಹೆಬ್ಬೆರಳಲ್ಲಿ ಒತ್ತಿ ಹಿಡಿದು ಮೊರದ ಮೂಲೆ ಹೆಣೆದುಬಿಟ್ಟೆ. ಹೆಣಿಗೆ ಕಲಿಸುವಾಗ ನೀನು "ಕಾಲ್ನೂ ಕೈ ಮಾಡ್ಕಳವ್ವ" ಅನ್ನುತ್ತಿದ್ದೆಯಲ್ಲ, ಹಾಗೆ. ಮೇಷ್ಟ್ರು ನನ್ನ ಕಾಲಿನ ಫೋಟೊ ತೆಗೆದು, ಎಲ್ಲಿ ಕಲಿತೆ ಎಂದರು. ಎಲ್ಲರೂ ತಿರುಗಿದರು. ಸೇರಿದ ದಿನ ನನ್ನ ಹೆಸರಿಗೂ ಮೊದಲು "ಯಾವ ಕೋಟಾ?" ಎಂದು ಕೇಳಿದ್ದ ರೂಮಿನ ಹುಡುಗಿಯೂ ನೋಡುತ್ತಿದ್ದಳು. ಕೌದಳ್ಳಿಯ ಮೇದರ ಬೀದಿ ಎನ್ನಲು ನಾಲಿಗೆ ಹೊರಳಲಿಲ್ಲ. ಯೂಟ್ಯೂಬ್ ನೋಡಿ ಕಲಿತೆ ಅಂದುಬಿಟ್ಟೆ.

ನೆಗಡಿ ವಾಸಿಯಾಗಿದೆ. ಮುದ್ದೆ ಇಲ್ಲದಿದ್ದರೂ ಹೊಟ್ಟೆ ತುಂಬುತ್ತದೆ. ನಿನ್ನೆ ಆಡಿದ ಸುಳ್ಳನ್ನು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಕಾರ್ಡು. ಜಾಗವೂ ಮುಗಿಯಿತು.

ಪವಿತ್ರ, ದೊಡ್ಡವ್ವನಿಗೆ ಓದಿ ಹೇಳುವಾಗ ಯೂಟ್ಯೂಬಿನ ಸಾಲು ನುಂಗಬೇಡ ಕಣೇ, ಗಟ್ಟಿಯಾಗಿ ಓದು. ಕೇಳಿದಾಗ ಅವಳ ಕೈ ಹೆಣೆಯುತ್ತಲೇ ಇತ್ತೋ, ನಿಂತಿತೋ, ಅಷ್ಟು ಮಾತ್ರ ನನಗೆ ಬರೆ.

ಮಾದೇವಿ