ಅಮ್ಮಾ, ಹಡಗು ಹತ್ತುವ ಮೊದಲು

ಹಡಗಿನ ಕೆಳ ಅಂತಸ್ತು, ಬಟ್ಟೆ ಒಗೆಯುವ ಕೋಣೆಯ ಪಕ್ಕ
ಮಾರ್ಚ್ ೧೧, ಮಂಗಳವಾರ, ಊಟದ ಬಿಡುವು

ಪ್ರೀತಿಯ ಅಮ್ಮಾ,

ನಿನ್ನ ದೊಡ್ಡೋಳು ಮಾಡುವ ನಮಸ್ಕಾರ. ಮೊಣಕಾಲಿನ ಊತ ಇಳಿಯಿತಾ? ಬಿ.ಪಿ. ಮಾತ್ರೆ ನುಂಗುತ್ತಿದ್ದೀಯಾ, ಇಲ್ಲಾ ಡಬ್ಬಿಯಲ್ಲಿಟ್ಟು ದಿನಾ ಮುಖ ನೋಡುತ್ತಿದ್ದೀಯಾ? ಹೊಲಿಗೆ ಯಂತ್ರ ತುಳಿಯುವುದನ್ನು ನಾಲ್ಕು ದಿನ ನಿಲ್ಲಿಸು ಎಂದರೆ ನೀನು ಕೇಳುವವಳಲ್ಲ. "ಕಾಲು ನಿಂತ್ರೆ ನಾನೂ ನಿಂತ್ಹೋಗ್ತೀನಿ ಕಣೇ" ಎಂದು ನನ್ನ ಬಾಯಿಯನ್ನೇ ಮುಚ್ಚಿಸುತ್ತೀಯ. ನಾನು ಚೆನ್ನಾಗಿದ್ದೇನೆ. ದಿನಕ್ಕೆ ಹದಿನೆಂಟು ಕೋಣೆ, ಮೂವತ್ತಾರು ಹಾಸಿಗೆ ಮಡಿಸುವವಳ ಸೊಂಟ ಎಷ್ಟು ಚೆನ್ನಾಗಿರಬಹುದೋ ಅಷ್ಟು ಚೆನ್ನಾಗಿದೆ. ಫೋನ್ ಮಾಡದೆ ಪತ್ರ ಯಾಕೆಂದು ಹುಬ್ಬು ಗಂಟಿಕ್ಕಬೇಡ. ಇಲ್ಲಿ ಫೋನಿನ ಪಕ್ಕದಲ್ಲಿ ಮೇಲ್ವಿಚಾರಕ ಹಲ್ಲುಕಡ್ಡಿ ಕಚ್ಚಿಕೊಂಡು ನಿಂತಿರುತ್ತಾನೆ. ಅಡುಗೆಮನೆಯ ದಪ್ಪಕ್ಕನ ಕರಾರು ಈ ಶನಿವಾರಕ್ಕೆ ಮುಗಿಯುತ್ತದೆ. ಅವಳು ಊರಿಗೆ ಬಂದವಳೇ ಇದನ್ನು ನಿನ್ನ ಕೈಗೇ ಕೊಡುತ್ತಾಳೆ. ಅವಳನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಬೇಡ, ಒಳಗೆ ಕರೆದು ಕೂರಿಸು.

ಕಂಪನಿಯವರು ನಿನಗೆ ಟಿಕೆಟು ಕಳಿಸಿದ್ದಾರೆ ಎಂಬ ಸುದ್ದಿ ಮುಟ್ಟಿತು. ಮುಂದಿನ ಶನಿವಾರದಿಂದ ಒಂದು ವಾರ, ಊಟ ವಸತಿ ಎಲ್ಲ ಪುಕ್ಕಟೆ, ಜೊತೆಗೆ "ನಿಮ್ಮ ಕುಟುಂಬದ ನೋವಿನಲ್ಲಿ ನಾವೂ ಭಾಗಿ" ಎಂದು ಬಣ್ಣದ ಕಾಗದದಲ್ಲಿ ಎರಡು ಸಾಲು. ಹನ್ನೊಂದು ತಿಂಗಳಲ್ಲಿ ನಾವು ಬರೆದ ಏಳು ಅರ್ಜಿಗೆ ಒಂದಕ್ಷರ ಉತ್ತರ ಕೊಡದವರಿಗೆ ಇದ್ದಕ್ಕಿದ್ದಂತೆ ಕರುಳು ಚುರುಕ್ಕೆಂದಿತೇ? ನೀನು ಒಂದೇ ಮಾತಿಗೆ ಒಪ್ಪಿಕೊಂಡೆಯಂತೆ. ಸಮುದ್ರ ನೋಡುವ ಚಪಲಕ್ಕಲ್ಲ ಎಂದು ನನಗೆ ಗೊತ್ತು. ಮೂರನೇ ದಿನ ಬರುವ ಬಂದರಿನಲ್ಲಿ, ಇದೇ ಹಡಗಿನಲ್ಲಿ ನನ್ನ ಜೊತೆ ದುಡಿಯುತ್ತಿದ್ದ ನಮ್ಮ ಸಣ್ಣೋನು ಹೇಳದೆ ಕೇಳದೆ ಇಳಿದುಹೋದ ಎಂದು ಕಂಪನಿ ಹೇಳಿದೆಯಲ್ಲ, ಆ ಬಂದರಿನ ಬೀದಿಬೀದಿಯಲ್ಲಿ ಅವನ ಫೋಟೋ ಹಿಡಿದು ತಿರುಗಬೇಕೆಂದು ನೀನು ಹೊರಟಿದ್ದೀಯ. "ನನ್ ಮಗ ಅಲ್ಲೆಲ್ಲೋ ಇದಾನೆ. ಅಕ್ಕನ ಹತ್ರ ಮುನಿಸ್ಕೊಂಡ್ರೂ ಅಮ್ಮನ ಮುಖ ಕಂಡ್ರೆ ಬಂದೇ ಬರ್ತಾನೆ" ಎಂದು ಪಕ್ಕದ ಮನೆಯವರಿಗೆಲ್ಲ ಹೇಳಿದ್ದೀಯಂತೆ. ಅದನ್ನು ಕೇಳಿದಾಗಿನಿಂದ ನನ್ನ ಕೈಗೆ ಕೆಲಸ ಹತ್ತುತ್ತಿಲ್ಲ.

ಹೇಗೂ ಹೊರಟಿದ್ದೀಯ, ನಾಲ್ಕು ಮಾತು ಕೇಳು. ಪ್ರತಿ ದಿಂಬಿನ ಮೇಲೂ ನಾನೇ ಒಂದು ಪುಸ್ತಿಕೆ ಇಡುತ್ತೇನೆ, ಪ್ರಯಾಣಿಕರಿಗೆ ಸಲಹೆಗಳು ಎಂದು. ಅದರಲ್ಲಿ ಸಲಹೆಗಿಂತ ನಗುವ ಹಲ್ಲೇ ಹೆಚ್ಚು. ನನ್ನದು ಕೇಳು. ಮಾತ್ರೆ, ಕನ್ನಡಕ, ಒಂದು ಜೊತೆ ಬಟ್ಟೆಯನ್ನು ಕೈಚೀಲದಲ್ಲೇ ಇಟ್ಟುಕೋ. ದೊಡ್ಡ ಪೆಟ್ಟಿಗೆಯನ್ನು ಕೆಳಗೇ ಕಿತ್ತುಕೊಳ್ಳುತ್ತಾರೆ, ಅದು ಕೋಣೆ ಮುಟ್ಟುವಾಗ ಸಂಜೆಯಾಗುತ್ತದೆ. ಕೋಣೆ ಕೊಡುವಾಗ ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೊಡಿ ಎಂದು ಹಟ ಹಿಡಿ. ಮೇಲೆ ಹೋದಷ್ಟೂ, ತುದಿಗೆ ಹೋದಷ್ಟೂ ತೂಗಾಟ ಜಾಸ್ತಿ. ಹೊಟ್ಟೆ ತೊಳಸಿದರೆ ಮಲಗಬೇಡ, ಹೊರಗೆ ಬಂದು ನೀರು ಆಕಾಶ ಕೂಡುವ ದೂರದ ಗೆರೆ ನೋಡುತ್ತಾ ಕೂರು, ಶುಂಠಿ ಚೂರು ಬಾಯಲ್ಲಿರಲಿ. ಬಾಗಿಲು ಕಬ್ಬಿಣದ್ದು, ಗಾಳಿಗೆ ತಾನೇ ಬಡಿದುಕೊಳ್ಳುತ್ತದೆ, ಸಂದಿಯಲ್ಲಿ ಬೆರಳಿಡಬೇಡ. ಬಂದರಿನಲ್ಲಿ ಇಳಿದರೆ ಹಡಗಿನ ಗಡಿಯಾರವನ್ನು ನಂಬು, ಫೋನಿನದ್ದನ್ನಲ್ಲ. ತಡವಾದವರನ್ನು ಬಿಟ್ಟು ಹಡಗು ಹೊರಟೇಬಿಡುತ್ತದೆ. ಪಾಸ್‌ಪೋರ್ಟಿನ ನಕಲು ರವಿಕೆಯೊಳಗಿರಲಿ. ಮೊದಲ ದಿನ ಸೈರನ್ ಕೂಗಿ ಎಲ್ಲರನ್ನೂ ರಕ್ಷಣಾ ದೋಣಿಯ ಹತ್ತಿರ ಕರೆಯುತ್ತಾರೆ. ಅರ್ಧ ಜನ ಬರದೆ ಕೋಣೆಯಲ್ಲೇ ಹೊರಳಾಡುತ್ತಾರೆ. ನೀನು ಮೊಣಕಾಲು ನೋವೆಂದು ಕೂರಬೇಡ, ಎದ್ದು ಹೋಗು. ಇನ್ನೊಂದು ಮಾತು, ಮೊಗಸಾಲೆಯಲ್ಲಿ ನೀಲಿ ಅಂಗಿ ತೊಟ್ಟು ಗಾಡಿ ತಳ್ಳುತ್ತಾ ನಾನು ಎದುರಾದರೆ "ಲೇ ದೊಡ್ಡೋಳೇ" ಎಂದು ಕೂಗಬೇಡ. ಪ್ರಯಾಣಿಕರ ಜೊತೆ ಕೂತು ಮಾತಾಡುವುದು ಇಲ್ಲಿ ತಪ್ಪು. ಹೆತ್ತ ತಾಯಿಯಾದರೂ ಪ್ರಯಾಣಿಕಳು ಪ್ರಯಾಣಿಕಳೇ.

ಬಾಲ್ಕನಿ ಇರುವ ಕೋಣೆ ಕೊಟ್ಟರೆ ಬೇಡ ಅನ್ನು. ಇದು ಪುಸ್ತಿಕೆಯಲ್ಲಿಲ್ಲ. ಅಲ್ಲಿನ ಗಾಜಿನ ಮೇಲೆ ಉಪ್ಪು ಕಟ್ಟುತ್ತದೆ. ಪ್ರಯಾಣಿಕ ಏಳುವುದರೊಳಗೆ ಅದು ಹೊಳೆಯಬೇಕು. ಹೊರಮೈ ಒರೆಸಲು ನಮ್ಮವರು ಬಕೆಟ್ಟು ಹಿಡಿದು ಬೆಳಗಿನ ಆರಕ್ಕೆ ಕಂಬಿಯ ಆಚೆ ಇಳಿಯುತ್ತಾರೆ. ಆರು ಜನಕ್ಕೆ ಸೊಂಟಕ್ಕೆ ಕಟ್ಟುವ ಬೆಲ್ಟು ಎರಡು. ಯಾರಿಗೆ ಸಿಕ್ಕಿತೋ ಅವರಿಗೆ. ಕೇಳಿದರೆ "ಸಮುದ್ರ ಶಾಂತವಾಗಿದೆ ಹೋಗ್ರೋ, ಮದುವೆ ಹೆಣ್ಣಿನ ಥರ ನಾಚ್ಕೋಬೇಡಿ" ಎಂದು ಮೇಲ್ವಿಚಾರಕ ಗೇಲಿ ಮಾಡುತ್ತಾನೆ. ಸಣ್ಣೋನ ಪಾಳಿಯ ಕೋಣೆಗಳಲ್ಲಿ ಒಂದು ಈಗ ನನ್ನ ಪಾಲಿಗೆ ಬಂದಿದೆ ಅಮ್ಮಾ. ಅಲ್ಲಿ ಗಾಜಿನ ಹೊರಮೈಯಲ್ಲಿ, ಕೆಳ ಮೂಲೆಯಲ್ಲಿ, ನಾಲ್ಕು ಬೆರಳು ಜಾರಿದ ಗುರುತಿದೆ. ನಾನು ಒಳಗಿನಿಂದ ಒರೆಸುತ್ತೇನೆ, ಅದು ಹೊರಗಿದೆ. ಹೊರಗಿನವರಿಗೆ ಹೇಳಿದರೆ "ಒರೆಸಿದೀವಲ್ಲಕ್ಕ, ಏನೂ ಇಲ್ಲ" ಅನ್ನುತ್ತಾರೆ. ಮರುದಿನ ಪರದೆ ಸರಿಸಿದರೆ ನಾಲ್ಕು ಬೆರಳು. ಉಪ್ಪಿನ ಗೆರೆ ಇರಬಹುದು. ನನಗೆ ತಲೆ ಕೆಟ್ಟಿರಲೂಬಹುದು. ಆದರೆ ಆ ಕೋಣೆಯಲ್ಲಿ ಬೆನ್ನು ಗಾಜಿನ ಕಡೆ ಮಾಡಿ ಹಾಸಿಗೆ ಮಡಿಸಲು ನನ್ನಿಂದ ಆಗುವುದಿಲ್ಲ. ಯಾರೋ ಒಳಗೆ ಬರಲು ಕಾಯುತ್ತಿದ್ದಾರೆ ಎನ್ನಿಸುತ್ತದೆ. ಚಿಲಕ ನನ್ನ ಕೈಯಲ್ಲೇ ಇದೆ ಎನ್ನಿಸುತ್ತದೆ.

ಸಾಕು, ಸುತ್ತಿ ಬಳಸಿ ಬರೆದದ್ದು ಸಾಕು. ನಮ್ಮ ಕೆಳ ಅಂತಸ್ತಿನಲ್ಲಿ ಒಂದು ಮಾತಿದೆ, "ನಿದ್ದೆ ಕೊಡೋದು" ಅಂತ. ವಾರಕ್ಕೊಮ್ಮೆ ಬೆಳಗ್ಗೆ ಹತ್ತಕ್ಕೆ ಕೆಲಸಗಾರರಿಗೆಲ್ಲ ಡ್ರಿಲ್ಲು, ಅಪಾಯದ ಹೊತ್ತಿನ ತಾಲೀಮು. ದೋಣಿಯ ಹತ್ತಿರ ಹೋಗಿ ಗುರುತಿನ ಕಾರ್ಡನ್ನು ಯಂತ್ರಕ್ಕೆ ತೋರಿಸಬೇಕು. ಹಸಿರು ದೀಪ ಬಂದರೆ ಹಾಜರಿ, ಮುಖವನ್ನು ಯಾರೂ ನೋಡುವುದಿಲ್ಲ. ಹದಿನಾಲ್ಕು ತಾಸು ದುಡಿದವನಿಗೆ ಆ ಮುಕ್ಕಾಲು ಗಂಟೆಯ ನಿದ್ದೆ ಅಂದರೆ ಪ್ರಾಣ. ಅದಕ್ಕೇ ತನ್ನ ಕಾರ್ಡನ್ನು ಗೆಳೆಯರ ಬಾಗಿಲ ಹಿಡಿಗೆ ತಗುಲಿಹಾಕಿ ಮಲಗುತ್ತಾನೆ. ನೋಡಿದವರು ಒಯ್ದು ಅವನದನ್ನೂ ತೋರಿಸುತ್ತಾರೆ. ಅಷ್ಟೇ. ಮಾತಿಲ್ಲ ಕತೆಯಿಲ್ಲ, ನಿದ್ದೆ ಕೊಟ್ಟಂತಾಯಿತು. ಎಲ್ಲರೂ ಎಲ್ಲರಿಗೂ ಕೊಟ್ಟಿದ್ದೇವೆ. ಮನುಷ್ಯರಿಗೆ ನಿದ್ದೆ ಕೊಡದ ಕಂಪನಿಯಲ್ಲಿ ನಾವು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಿದ್ದದ್ದು ಅದೊಂದನ್ನೇ.

ಆ ದಿನ ಸಣ್ಣೋನ ಕಾರ್ಡು ನನ್ನ ಬಾಗಿಲಲ್ಲಿ ನೇತಾಡುತ್ತಿತ್ತು. ಬೆಳಗಿನ ಗಾಜಿನ ಕೆಲಸ ಮುಗಿಸಿ ಮಲಗಿದ್ದಾನೆ ಎಂದುಕೊಂಡೆ. "ಸೋಮಾರಿ ಬಡ್ಡಿಮಗ" ಎಂದು ನಗುತ್ತಾ ಒಯ್ದು ನನ್ನದರ ಹಿಂದೆಯೇ ಅವನದನ್ನೂ ತೋರಿಸಿದೆ. ಹಸಿರು, ಹಸಿರು. ಅವನು ಕಾರ್ಡು ಹಾಕಿದ್ದು ಕೆಲಸಕ್ಕೆ ಹೋಗುವ ಮೊದಲು ಅಮ್ಮಾ. ಆರು ಗಂಟೆಗೆ ಬಕೆಟ್ಟು ಹಿಡಿದು ಮೆಟ್ಟಿಲು ಹತ್ತಿದ್ದನ್ನು ದಪ್ಪಕ್ಕ ನೋಡಿದ್ದಾಳೆ. ಇಳಿದದ್ದನ್ನು ಯಾರೂ ನೋಡಿಲ್ಲ. ಅವನ ಹಾಸಿಗೆಯ ಚಾದರದಲ್ಲಿ ಒಂದು ಸುಕ್ಕೂ ಇರಲಿಲ್ಲ, ಅದನ್ನು ಸಂಜೆ ನಾನೇ ಕಂಡೆ. ಹನ್ನೆರಡಕ್ಕೆ ಹಡಗು ಬಂದರು ಸೇರಿತು. ನಾಲ್ಕಕ್ಕೆ ಕೆಲಸಕ್ಕೆ ಬರಲಿಲ್ಲವೆಂದು ಹುಡುಕಿದರು. "ಹತ್ತು ಗಂಟೆಗೆ ಡ್ರಿಲ್ಲಿನಲ್ಲಿ ಹಾಜರಿದ್ದ, ಆದ್ದರಿಂದ ಬಂದರಿನಲ್ಲಿ ಸಾಮಾನು ಹೇರುವವರ ಸಂದಣಿಯಲ್ಲಿ ಕಾರ್ಡಿಲ್ಲದೆ ನುಸುಳಿ ಹೋದ" ಎಂದು ಬರೆದು ಕಡತ ಮುಚ್ಚಿದರು. ನಾನು ಆ ಕಾರ್ಡನ್ನು ತೋರಿಸದಿದ್ದರೆ ಹತ್ತು ಗಂಟೆಗೆ ಒಬ್ಬ ಕಮ್ಮಿ ಬೀಳುತ್ತಿದ್ದ. ಸೈರನ್ ಕೂಗುತ್ತಿತ್ತು. ಅವನನ್ನು ಹುಡುಕಲು ಹಡಗು ಹಿಂದಕ್ಕೆ ತಿರುಗುತ್ತಿತ್ತು. ಆ ದಿನ ಸಮುದ್ರ ನಿಜಕ್ಕೂ ಶಾಂತವಾಗಿತ್ತು, ಅವನಿಗೆ ಈಜು ಬರುತ್ತಿತ್ತು.

ಆವತ್ತೇ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳುತ್ತೀಯ. ಬಿಡಲೆಂದೇ ಫೋನ್ ಹಿಡಿದಿದ್ದೆ. ಅಷ್ಟರಲ್ಲಿ ಕಂಪನಿಯವರು ನಿನಗೆ ಅವರ ಕತೆ ಹೇಳಿಬಿಟ್ಟಿದ್ದರು. ನೀನು ಅಳುತ್ತಾ, "ಸದ್ಯ ಕಣೇ, ಎಲ್ಲೋ ಒಂದ್ಕಡೆ ಉಸಿರಾಡ್ತಿದಾನಲ್ಲ, ಅಷ್ಟು ಸಾಕು ನಂಗೆ" ಎಂದೆ. ಆ ಉಸಿರನ್ನು ನಾನು ಹೇಗೆ ನಿಲ್ಲಿಸಲಿ? ಹನ್ನೊಂದು ತಿಂಗಳು ನೀನು ಬದುಕಿದ್ದು ನನ್ನ ಕೈಯಿಂದ ಬಿದ್ದ ಹಸಿರು ದೀಪದ ಮೇಲೆ. ಬೆಲ್ಟು ಕೊಡದವರು ಅವರು, ಅವನನ್ನು ಕಂಬಿಯ ಆಚೆ ಇಳಿಸಿದವರು ಅವರು, ಆ ಮಾತಿನಲ್ಲಿ ನಾನು ಯಾರಿಗೂ ಎಳ್ಳಷ್ಟೂ ಬಿಟ್ಟುಕೊಡುವುದಿಲ್ಲ. ಆದರೆ ಅವರ ಸುಳ್ಳಿಗೆ ಇರುವ ಒಂದೇ ಒಂದು ಸಾಕ್ಷಿ ನನ್ನದು. ಆ ಬಂದರಿನಲ್ಲಿ ಅವನಿಲ್ಲ ಅಮ್ಮಾ. ಅಲ್ಲಿ ಯಾರಿಗೂ ಫೋಟೋ ತೋರಿಸಬೇಡ.

ಪಕ್ಕದ ಮನೆಯ ಅತ್ತೆಗೆ ನನ್ನ ನೆನಪು ಹೇಳು. ಇದನ್ನು ಓದುವಾಗ ಒಬ್ಬಳೇ ಇರಬೇಡ, ಅವರನ್ನು ಪಕ್ಕದಲ್ಲಿ ಕೂರಿಸಿಕೋ. ಮಾತ್ರೆ ತಪ್ಪಿಸಬೇಡ. ಆಶೀರ್ವಾದ ಕೇಳುವ ಮುಖ ನನಗಿಲ್ಲ, ನಮಸ್ಕಾರವನ್ನಷ್ಟೇ ಇಟ್ಟುಕೋ.

ನಿನ್ನ,
ದೊಡ್ಡೋಳು

ಮರೆತ ಮಾತು (ಬುಧವಾರ, ಅವಸರದಲ್ಲಿ): ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಇವತ್ತು ಬೆಳಗ್ಗೆ ಇದನ್ನೆಲ್ಲ ಬರೆದು, ಹೆಸರು ಹಾಕಿ, ಹಡಗಿನ ಅಧಿಕಾರಿಗೆ ಒಂದು ಪ್ರತಿ ಕೊಟ್ಟೆ, ಹಡಗು ಕೆಲಸಗಾರರ ಸಂಘದವರಿಗೆ ಒಂದು ಕಳಿಸಿದೆ. ದಪ್ಪಕ್ಕನೂ ಕಂಡದ್ದನ್ನು ಬರೆಸಿ ಹೆಬ್ಬೆರಳು ಒತ್ತಿದ್ದಾಳೆ. ನನ್ನ ಕಾರ್ಡು ಕಿತ್ತುಕೊಂಡಿದ್ದಾರೆ. ವಿಚಾರಣೆಯೆಂದು ಇನ್ನೊಂದು ಸುತ್ತು ಹಡಗಿನಲ್ಲೇ ಇಟ್ಟುಕೊಂಡು, ನೀನು ಹತ್ತುವ ಆ ಶನಿವಾರವೇ ನನ್ನನ್ನು ಇಳಿಸುತ್ತಾರಂತೆ. ಟಿಕೆಟಿನ ಗುಟ್ಟೂ ಗೊತ್ತಾಯಿತು. ಹತ್ತುವಾಗ ನಾಲ್ಕು ಕಾಗದಕ್ಕೆ ರುಜು ಕೇಳುತ್ತಾರೆ. ಅದರಲ್ಲಿ ಒಂದು, ಮಗ ಸ್ವಂತ ಇಷ್ಟದಿಂದ ಇಳಿದುಹೋದನೆಂದು ತಾಯಿಯೇ ಒಪ್ಪುವ ಕಾಗದ. ಯಾವುದಕ್ಕೂ ರುಜು ಹಾಕಬೇಡ. ಪ್ರಯಾಣಿಕರು ಹತ್ತುವ ಗಾಜಿನ ಬಾಗಿಲಿಗೆ ಹೋಗಲೇಬೇಡ, ಬಂದರಿನ ಹಿಂಬದಿಗೆ ಬಾ. ತರಕಾರಿ ಪೆಟ್ಟಿಗೆ ಇಳಿಸುವ ಕಬ್ಬಿಣದ ಹಲಗೆಯಿದೆ, ನಾನು ಅದರ ಮೇಲಿಂದ ಇಳಿದು ಬರುತ್ತೇನೆ. ಹೊಡೆಯುವುದಿದ್ದರೆ ಅಲ್ಲೇ, ಎಲ್ಲರ ಎದುರಿಗೇ ಹೊಡಿ, ನಾನು ಕೈ ಅಡ್ಡ ತರುವುದಿಲ್ಲ. ಹೊಡೆದಾದ ಮೇಲೆ ಅವನ ಫೋಟೋ ನನ್ನ ಕೈಗೆ ಕೊಡು. ಇಬ್ಬರೂ ಆ ಹಲಗೆಯ ಮುಂದೆ ಕೂತುಬಿಡೋಣ, ಸತ್ತ ಎಂದು ಅವರು ಬರೆದುಕೊಡುವವರೆಗೆ.