ಮುಗಿಯಗೊಡದ ಹಾಡು

ಶಿರಗುಪ್ಪಿ
೨೯ ಜನವರಿ ೨೦೨೬, ಗುರುವಾರ

ದೀಪಾಲಿಯ ಪಪ್ಪಾ ಅವರಿಗೆ ಸುಜಾತಾ ಮಾಡುವ ನಮಸ್ಕಾರ.

ಹೇಗಿದ್ದೀರಿ? ಬೆನ್ನು ಈಗ ಹೇಗಿದೆ? ಟ್ರ್ಯಾಕ್ಟರಿನ ಸೀಟಿನ ಮೇಲೆ ಹಾಸಿಕೊಳ್ಳಲು ಕೊಟ್ಟ ಕೌದಿಯನ್ನು ಹಾಸಿಕೊಳ್ಳುತ್ತಿದ್ದೀರೋ ಅಥವಾ ಯಾರಿಗಾದರೂ ಹೊದೆಯಲು ಕೊಟ್ಟುಬಿಟ್ಟಿರೋ? ನಿಮ್ಮ ಸ್ವಭಾವ ನನಗೆ ಗೊತ್ತು, ಕೇಳಿದವರಿಗೆ ಇಲ್ಲ ಎನ್ನುವುದಿಲ್ಲ, ಆಮೇಲೆ ಸೊಂಟ ಹಿಡಿದುಕೊಂಡು ಕೂರುತ್ತೀರಿ. ಪಂಢರಪುರದ ಕಡೆ ಚಳಿ ಜಾಸ್ತಿಯಂತೆ, ಕಿವಿಗೆ ಮಫ್ಲರ್ ಕಟ್ಟಿಕೊಳ್ಳಿ. ಇಲ್ಲಿ ಅತ್ತೆಯವರು ಆರಾಮ ಇದ್ದಾರೆ, ಮೊಣಕಾಲು ಮಾತ್ರ ಎಂದಿನಂತೆ. ದೀಪಾಲಿ ಶಾಲೆಯಲ್ಲಿ ಓಟದಲ್ಲಿ ಎರಡನೇ ನಂಬರ್ ಬಂದಳು, ಮೊದಲನೇ ನಂಬರ್ ಬಂದವಳು ತನ್ನನ್ನು ತಳ್ಳಿದಳೆಂದು ನಾಲ್ಕು ದಿನದಿಂದ ಜಗಳ ನಡೆಸಿದ್ದಾಳೆ. ನಾನು ಗೌರಾಬಾಯಿಯವರ ದ್ರಾಕ್ಷಿ ತೋಟಕ್ಕೆ ಕೆಲಸಕ್ಕೆ ಹೋಗುತ್ತಿದ್ದೇನೆ, ಗೊಂಚಲುಗಳಿಗೆ ಕಾಗದ ಸುತ್ತುವುದು ನಡೆದಿದೆ. ಎಲ್ಲರೂ ಕ್ಷೇಮ ಎಂದು ಬರೆಯಬೇಕು. ಆದರೆ ನಾನು ಅಷ್ಟೊಂದು ಕ್ಷೇಮ ಇಲ್ಲ, ಅದನ್ನು ಹೇಳಲಿಕ್ಕೇ ಈ ಪತ್ರ.

ದಿನಾ ಫೋನ್ ಮಾಡುವವಳಿಗೆ ಪತ್ರ ಯಾಕೆ ಬೇಕಾಯಿತು ಎಂದು ನಗಬೇಡಿ. ನಿಮ್ಮ ಫೋನು ಯಾವಾಗಲೂ ಸ್ಪೀಕರ್ ಮೇಲಿರುತ್ತದೆ. ನಾನು "ಊಟ ಆತ್ರಿ?" ಅಂದರೆ ನಿಮಗಿಂತ ಮೊದಲು ನಾಲ್ಕು ಮಂದಿ ಡ್ರೈವರ್‌ಗಳು "ಆತ್ರಿ ವೈನಿ" ಅನ್ನುತ್ತಾರೆ, ನಾನು ಅವರಿಗೆಲ್ಲ ಅತ್ತಿಗೆ. ಈ ಕಡೆ ಅತ್ತೆಯವರು ಪಕ್ಕದಲ್ಲೇ ಕುಳಿತು "ಏನಂತ, ಏನಂತ" ಎಂದು ಕೇಳುತ್ತಿರುತ್ತಾರೆ. ಇಂಥ ಸಂತೆಯಲ್ಲಿ ಮನಸ್ಸಿನ ಮಾತು ಆಡುವುದು ಹೇಗೆ? ನಿಮ್ಮ ತಮ್ಮ ಮಾಳು ಗಾಡಿ ರಿಪೇರಿಗೆಂದು ಬಂದವನು ಈಗ ತಿರುಗಿ ನಿಮ್ಮಲ್ಲಿಗೇ ಹೊರಟಿದ್ದಾನೆ, ರೊಟ್ಟಿಯ ಗಂಟಿನಲ್ಲಿ ಇದನ್ನೂ ಇಡುತ್ತೇನೆ. ನೀವು ಮರಾಠಿ ಶಾಲೆ ಕಲಿತವರು, ಕನ್ನಡ ಓದಲು ತಡವಾಗುತ್ತದೆ ಎಂದು ಅಕ್ಷರ ದಪ್ಪ ದಪ್ಪ ಬರೆದಿದ್ದೇನೆ. ಎಷ್ಟು ಹೊತ್ತಾದರೂ ಆಗಲಿ, ನೀವೇ ಓದಿ. ಮಾಳು ಕೈಯಲ್ಲಿ ಓದಿಸಬೇಡಿ.

ನನ್ನ ತಲೆಯಲ್ಲಿ ಹಾಡು ನಿಲ್ಲುವುದಿಲ್ಲ. ಹಾಡು ಗುನುಗುವುದು ಎಲ್ಲರಿಗೂ ಇದ್ದದ್ದೇ, ಅದಲ್ಲ. ನಾನು ಗುನುಗುವುದಿಲ್ಲ, ಅದೇ ನಡೆಯುತ್ತಿರುತ್ತದೆ. ಮುಂಜಾನೆ ಕಣ್ಣು ಬಿಡುವುದಕ್ಕೂ ಮೊದಲು ಶುರು. ಪಂಚಾಯಿತಿಯ ಕಸದ ಗಾಡಿಯ ಹಾಡು ಸ್ವಲ್ಪ ಹೊತ್ತು, ಅದರ ಮೇಲೆ ಯಾವುದೋ ಮದುವೆಯ ಬ್ಯಾಂಡಿನದು, ಅದನ್ನು ತಳ್ಳಿ ಟ್ರ್ಯಾಕ್ಟರಿನದು. ಹಿಟ್ಟು ನಾದುವಾಗ ಕೈ ಅದರ ತಾಳಕ್ಕೇ ಬೀಳುತ್ತದೆ. ನಮ್ಮ ಮನೆಯ ಜಾಗ ನಿಮಗೆ ಗೊತ್ತೇ ಇದೆಯಲ್ಲ, ರಸ್ತೆಯ ಏರಿನಲ್ಲಿ. ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಡಬ್ಬಿ ಎಳೆದುಕೊಂಡು ಇಲ್ಲಿ ಏದುಸಿರು ಬಿಡುತ್ತ ಹತ್ತುತ್ತವೆ, ಸ್ಪೀಕರ್ ಮಾತ್ರ ಎದೆ ನಡುಗುವ ಹಾಗೆ. ಒಂದು ಪಲ್ಲವಿ, ಅರ್ಧ ಚರಣ ಕೇಳುವಷ್ಟರಲ್ಲಿ ಬೇವಿನ ಗಿಡದ ತಿರುವು ದಾಟಿ ಹೋಗಿಬಿಡುತ್ತವೆ. ಹೀಗಾಗಿ ನನ್ನ ತಲೆಯಲ್ಲಿ ಒಂದೂ ಪೂರ್ತಿ ಹಾಡಿಲ್ಲ, ಎಲ್ಲವೂ ಅರ್ಧ. ಅರ್ಧಕ್ಕೆ ಬಂದು ಮತ್ತೆ ಮೊದಲಿನಿಂದ, ಮತ್ತೆ ಅರ್ಧಕ್ಕೆ.

ಅವುಗಳಲ್ಲಿ ನಿಮ್ಮದೂ ಒಂದು. ನೀವು ಏರು ಹತ್ತುವಾಗ ಹಚ್ಚುತ್ತಿದ್ದ ಆ ಕುಣಿತದ ಮರಾಠಿ ಹಾಡು. ಅದು ಕೇಳಿತೆಂದರೆ ನಾನು ಒಲೆಯ ಮೇಲೆ ಹಂಚು ಇಡಬೇಕು, ನೀವು ಸಕ್ಕರೆ ಕಾರ್ಖಾನೆಯ ಸಾಲಿನಲ್ಲಿ ಗಾಡಿ ಬಿಟ್ಟು ಉಣ್ಣಲು ಬರುವಷ್ಟರಲ್ಲಿ ಬುಟ್ಟಿಯಲ್ಲಿ ಬಿಸಿ ರೊಟ್ಟಿ ಇರಬೇಕು. ಓಣಿಯವರಿಗೆಲ್ಲ ಗೊತ್ತಿತ್ತು. "ಬಂತ ನೋಡ ನಿನ್ನ ಗಂಡನ ಬ್ಯಾಂಡ ಬಾಜಾ" ಎಂದು ಅತ್ತೆಯವರೇ ಚೇಷ್ಟೆ ಮಾಡುತ್ತಿದ್ದರು. ಕಬ್ಬು ಕಡಿಯುವ ಎರಡು ಹಂಗಾಮು ದಿನಾ ಕೇಳಿದೆ. ಆ ಹಾಡಿನ ಕೊನೆ ಏನಿದೆಯೋ ಇವತ್ತಿಗೂ ನನಗೆ ಗೊತ್ತಿಲ್ಲ.

ಈಗ ಹೇಳುವುದನ್ನು ನಿಮಗೆ ಒಂದು ವರ್ಷದಿಂದ ಹೇಳಿಲ್ಲ. ಹೋದ ವರ್ಷ ಫೆಬ್ರುವರಿಯಲ್ಲಿ ನಿಮ್ಮ ಹಿಂದಿನ ಡಬ್ಬಿ ಪಲ್ಟಿಯಾಯಿತಲ್ಲ, ಆ ದಿನ ಮುಂಜಾನೆಯಿಂದ ನಿಮ್ಮ ಹಾಡು ನನ್ನ ತಲೆ ತಿನ್ನುತ್ತಿತ್ತು. ಬಟ್ಟೆ ಒಗೆಯುತ್ತಿದ್ದೆ. ಬೇಸರ ಬಂದು "ಸಾಕ ಮಾಡ, ತೆಲಿ ತಿನ್ನಬ್ಯಾಡ" ಎಂದು ಅದನ್ನು ಬೈದೆ. ಬೈದಿದ್ದಲ್ಲದೆ ಗಟ್ಟಿಯಾಗಿ ಭಜನಿ ಪದ ಹಾಡಿ ಹಾಡಿ ಅದನ್ನು ಹೊರಗೆ ಅಟ್ಟಿದೆ. ಅದು ನಿಂತಿತು. ಎಷ್ಟು ಹಾಯೆನಿಸಿತು ಎಂದರೆ ಕಲ್ಲಿನ ಮೇಲೆ ಸುಮ್ಮನೆ ಕುಳಿತು ನಕ್ಕೆ. ಬಟ್ಟೆ ಒಣಹಾಕುವಷ್ಟರಲ್ಲಿ ಫೋನ್ ಬಂತು. ನೀವು ಮೊಣಕೈ ತರಚಿಕೊಂಡು ಸಂಜೆ ಮನೆಗೆ ಬಂದಿರಿ, "ಕಬ್ಬ ಮಲಕೊಂಡಿತ್ತ, ನಾ ನಿಂತಿದ್ನಿ" ಎಂದು ಜೋಕು ಹೊಡೆದಿರಿ. ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳಗೆ ಬಂದು ಜೋಳದ ಚೀಲದ ಹಿಂದೆ ಕುಳಿತು ಅತ್ತುಬಿಟ್ಟೆ. ಹಾಡನ್ನು ಬೈದು ಓಡಿಸಿದವಳು ನಾನೇ ಅಲ್ಲವೇ?

ಅವತ್ತಿನಿಂದ ನಾನು ಅದನ್ನು ನಿಲ್ಲಗೊಡುವುದಿಲ್ಲ. ಈ ಹಂಗಾಮಿಗೆ ನಿಮ್ಮ ಮಾಲೀಕ ರಾವಸಾಹೇಬರು ತಮ್ಮ ಗಾಡಿಗಳನ್ನೆಲ್ಲ ಅಷ್ಟು ದೂರದ ಕಾರ್ಖಾನೆಗೆ ಹಾಕಿದ ಮೇಲಂತೂ ನಿಮ್ಮ ಹಾಡು ಏರಿನಲ್ಲಿ ಕೇಳುವುದೇ ಇಲ್ಲ, ತಲೆಯಲ್ಲಿ ಉಳಿದಿರುವುದೇ ಎಲ್ಲ. ಬೇರೆ ಹಾಡು ಬಂದು ಅದನ್ನು ಮುಚ್ಚಿದರೆ ಎಳೆದು ಮೇಲೆ ತರುತ್ತೇನೆ. ದೀಪಾಲಿಯ ಲೆಕ್ಕ ನೋಡುವಾಗ, ಅಂಗಡಿಯವನ ಹತ್ತಿರ ಮಾತಾಡುವಾಗ, ಒಲೆಯ ಮೇಲಿನ ಹಾಲಿನ ಮೇಲೆ ಒಂದು ಕಣ್ಣು ಇಟ್ಟ ಹಾಗೆ ಅದರ ಮೇಲೆ ಲಕ್ಷ್ಯ ಇಟ್ಟಿರುತ್ತೇನೆ. ಯಾವಾಗಲೋ ಮರೆತು ಅದು ತುಂಡಾಯಿತೆಂದರೆ ಎದೆ ಡವಡವ ಹೊಡೆದುಕೊಳ್ಳುತ್ತದೆ, ನಿಮಗೆ ಏನೋ ಆಗಿದೆ ಎಂದೇ ಅನಿಸುತ್ತದೆ. ಹೋದ ವಾರ ನಡುಮಧ್ಯಾಹ್ನ ಮೂರು ಸಲ ಫೋನ್ ಮಾಡಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳಿದೆನಲ್ಲ, ಅದು ಇದಕ್ಕೇ. "ಮನ್ಯಾಗಿನ ಉಪ್ಪ ಎಲ್ಲೈತಿ ಅಂತ ನಾ ಇಲ್ಲಿ ಕುಂತ ಹ್ಯಾಂಗ ಹೇಳ್ಲಿ?" ಎಂದಿರಿ, ನಿಮ್ಮ ಹಿಂದಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಗಲಿ ಬಿಡಿ. ನಿಮ್ಮ ದನಿ ಕೇಳಿತು, ನನಗೆ ಅಷ್ಟೇ ಬೇಕಿತ್ತು. ಉಪ್ಪು ನನ್ನ ಕೈಯಲ್ಲೇ ಇತ್ತು.

ಇದನ್ನು ಯಾರಿಗೆ ಹೇಳಲಿ? ಅತ್ತೆಯವರಿಗೆ ಹೇಳಿದರೆ ಗಾಳಿ ಸೋಂಕಿದೆ ಎಂದು ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕುತ್ತಾರೆ, ಘಾಟು ಬರದಿದ್ದರೆ ಸೋಂಕಿದ್ದು ನಿಜವೆಂದು ಓಣಿಗೆಲ್ಲ ಸುದ್ದಿ. ರಾಯಬಾಗದಲ್ಲಿರುವ ಅವ್ವನಿಗೆ ಹೇಳಿದರೆ ಅವಳು ಊಟ ಬಿಡುತ್ತಾಳೆ. ಮನೆಯಲ್ಲಿ ಜನ ಇದ್ದಾರೆ, ತೋಟದಲ್ಲಿ ಹತ್ತು ಹೆಂಗಸರು ಮಾತಾಡುತ್ತಿರುತ್ತಾರೆ, ತಲೆಯಲ್ಲಿ ಇಡೀ ದಿನ ಗದ್ದಲ. ಆದರೂ ಹಳ್ಳದ ಆಚೆ ದಂಡೆಯಲ್ಲಿ ಒಬ್ಬಳೇ ನಿಂತ ಹಾಗಿರುತ್ತದೆ. ಯಾರಾದರೂ ಮಾತಾಡಿಸಿದರೆ ಒಂದು ಕ್ಷಣ ತಡೆದು ಉತ್ತರ ಕೊಡುತ್ತೇನೆ, ಅಷ್ಟರಲ್ಲಿ ಅವರು ಬೇರೆ ಮಾತಿಗೆ ಹೋಗಿರುತ್ತಾರೆ. ನನಗೆ ಬಹಳ ಒಂಟಿ ಎನಿಸುತ್ತದೆ. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆದೆ.

ಹೋದ ಶುಕ್ರವಾರ ಇದು ಹೊರಗೆ ಬಿತ್ತು. ಗೌರಾಬಾಯಿಯವರ ಮನೆಯಲ್ಲಿ ಸಂಕ್ರಾಂತಿಯ ಅರಿಶಿನ ಕುಂಕುಮ ಇತ್ತು. ಕುಸುರೆಳ್ಳು ಕೊಟ್ಟು, ಉಡಿ ತುಂಬಿ, ಗಂಡನ ಹೆಸರು ಹೇಳದೆ ಬಿಡುವುದಿಲ್ಲ ಎಂದು ಒಬ್ಬೊಬ್ಬರನ್ನೇ ಎಬ್ಬಿಸಿ ಒಡಪು ಹೇಳಿಸಿದರು. ನಾನು ನಾಲ್ಕು ದಿನದಿಂದ ತಯಾರಿ ಮಾಡಿದ್ದೆ. "ಕಬ್ಬಿನೊಳಗ ಸಕ್ಕರಿ, ಮಾತಿನೊಳಗ ಅಕ್ಕರಿ, ಈಶ್ವರರ ಹೆಸರ ಹೇಳತೇನಿ, ಎಲ್ಲಾರೂ ಕೇಳರಿ." ಚೆನ್ನಾಗಿದೆ ಅಲ್ಲವೇ? ನನ್ನ ಸರದಿ ಬಂತು, ಎದ್ದು ನಿಂತೆ, ಸಕ್ಕರಿ ಅಂದೆ, ಅಕ್ಕರಿ ಅಂದೆ. ಮುಂದೆ ನಿಮ್ಮ ಹೆಸರು ಹೇಳಬೇಕು ಎನ್ನುವಾಗ ಹೊರಗೆ ರಸ್ತೆಯಲ್ಲಿ ಯಾವುದೋ ಗಾಡಿ ದೊಡ್ಡ ಹಾಡು ಹಚ್ಚಿಕೊಂಡು ಬಂತು, ತಲೆಯಲ್ಲಿದ್ದ ನಿಮ್ಮ ಹಾಡು ಫಟ್ಟನೆ ನಿಂತಿತು. ಹೆಸರೂ ಬರಲಿಲ್ಲ, ಹಾಡೂ ಬರಲಿಲ್ಲ. "ಗಂಡನ ಹೆಸರ ಮರತಾಳ ನೋಡ್ರೆ!" ಎಂದು ಎಲ್ಲರೂ ಚಪ್ಪಾಳೆ ತಟ್ಟಿ ನಕ್ಕರು. ನನಗೆ ಉಸಿರೇ ಸಿಗಲಿಲ್ಲ. ಉಡಿಯಲ್ಲಿದ್ದ ಅಕ್ಕಿ, ಕೊಬ್ಬರಿ ಬಟ್ಟಲು ಎಲ್ಲ ನೆಲಕ್ಕೆ ಚೆಲ್ಲಿ ಹೊರಗೆ ಓಡಿ ದನದ ಕೊಟ್ಟಿಗೆಯ ಹತ್ತಿರ ಕುಳಿತುಬಿಟ್ಟೆ. ಉಡಿ ಚೆಲ್ಲಿದ್ದು ನೆನಪಾಗಿ ಇನ್ನೂ ಹೆದರಿಕೆಯಾಯಿತು.

ಗೌರಾಬಾಯಿಯವರು ಹಿಂದೆಯೇ ಬಂದರು. ಬೆನ್ನ ಮೇಲೆ ಕೈ ಇಟ್ಟು ಕುಳಿತರು. "ನನಗೂ ಸಣ್ಣಾಕಿ ಹುಟ್ಟಿದಾಗ ಹಿಂಗ ಎದಿ ಹೊಡಕೊಂತಿತ್ತವಾ, ಅದಕ್ಕೊಬ್ರು ಡಾಕ್ಟರ ಅದಾರ" ಎಂದರು. ಮೊನ್ನೆ ಮಂಗಳವಾರ ಅವರೇ ಕರೆದುಕೊಂಡು ಅಥಣಿಗೆ ಹೋದರು. ಅತ್ತೆಯವರಿಗೆ ಅಶಕ್ತಿಗೆ ತೋರಿಸುವುದು ಎಂದು ಹೇಳಿದೆವು. ಡಾಕ್ಟರ್ ಬಾಯಿ ಸಣ್ಣ ವಯಸ್ಸಿನವರು. ಅವರಿಗೆ ಎಲ್ಲ ಹೇಳಿದೆ, ಡಬ್ಬಿ ಪಲ್ಟಿಯಾದದ್ದನ್ನೂ ಹೇಳಿದೆ. ಅವರು ನಗಲಿಲ್ಲ. ಇದು ಹುಚ್ಚಲ್ಲ, ಹಾಡು ಬಹಳ ಮಂದಿಗೆ ಹೀಗೆ ಅಂಟಿಕೊಳ್ಳುತ್ತದೆ, ನನ್ನಲ್ಲಿ ಅದಕ್ಕೆ ಹೆದರಿಕೆಯ ಗಂಟು ಬಿದ್ದಿದೆ ಎಂದರು. "ಕಾಗಿ ಕೂಡೂದಕ್ಕೂ ಟೊಂಗಿ ಮುರಿಯೂದಕ್ಕೂ ಸರಿ ಹೋತ ಅಷ್ಟ. ಟೊಂಗಿ ಮುರದದ್ದ ಕಾಗಿಯಿಂದ ಅಲ್ಲ" ಎಂದರು. ತಲೆಗೆ ತಿಳಿಯಿತು. ಎದೆಗೆ ತಿಳಿಯಲಿಲ್ಲ.

ಅವರು ಗುಳಿಗೆ ಕೊಟ್ಟಿದ್ದಾರೆ, ರಾತ್ರಿ ಊಟದ ಮೇಲೆ ದಿನಾ ಒಂದು. ಇನ್ನೊಂದು ಮಾತೂ ಹೇಳಿದರು. ಅರ್ಧ ಕೇಳಿದ ಹಾಡು ಹೆಚ್ಚು ಕಾಡುತ್ತದಂತೆ, ಒಮ್ಮೆ ಕೊನೆಯವರೆಗೆ ಪೂರ್ತಿ ಕೇಳಿಬಿಡಿ ಎಂದರು. ಬಂದ ಸಂಜೆಯೇ ದೀಪಾಲಿ ಮೊಬೈಲಿನಲ್ಲಿ ಅದನ್ನು ಹುಡುಕಿಕೊಟ್ಟಳು. ಪಲ್ಲವಿ ಆಯಿತು, ಬೇವಿನ ಗಿಡದವರೆಗಿನ ಅರ್ಧ ಚರಣ ಆಯಿತು, ಮುಂದೆ ನಾನು ಎಂದೂ ಕೇಳದ ಸಾಲು ಬಂತು. ಕೊನೆ ಹತ್ತಿರ ಬರುತ್ತಿದೆ ಎಂದು ಗೊತ್ತಾದ ಕೂಡಲೇ ಕೈ ತಾನಾಗಿಯೇ ಹೋಗಿ ಬಂದ್ ಮಾಡಿತು. "ಮಮ್ಮಿ, ಇನ್ನೂ ಐತಲ್ಲ, ಯಾಕ ಬಂದ ಮಾಡಿದಿ?" ಎಂದು ಕೇಳಿದಳು. ಹಾಡು ಮುಗಿದರೆ ನಿನ್ನ ಪಪ್ಪಾನಿಗೆ ಏನಾಗುತ್ತದೋ ಎಂದು ಒಂಬತ್ತು ವರ್ಷದ ಹುಡುಗಿಗೆ ಹೇಳಲಾಗುತ್ತದೆಯೇ? ಚಾರ್ಜ್ ಮುಗಿಯಿತು ಎಂದೆ.

ಗಂಟಿನಲ್ಲಿ ಖಡಕ್ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಬೆನ್ನಿಗೆ ತಿಕ್ಕಿಕೊಳ್ಳುವ ಎಣ್ಣೆ ಇದೆ. ಕುಸುರೆಳ್ಳು ದೀಪಾಲಿ ಕಟ್ಟಿದ್ದು, ಅರ್ಧ ಅವಳೇ ತಿಂದಿದ್ದಾಳೆ. ರೊಟ್ಟಿಯನ್ನು ಎಲ್ಲರಿಗೂ ಹಂಚಿರಿ, ಎಣ್ಣೆಯನ್ನು ಹಂಚಬೇಡಿ. ಗಾಡಿಯನ್ನು ಸಾವಕಾಶ ಹೊಡೆಯಿರಿ, ಮುಂದಿನವನ ಜೊತೆ ಪಂತ ಕಟ್ಟಬೇಡಿ. ಅತ್ತೆಯವರು ನಿಮಗೂ ಮಾಳುವಿಗೂ ಆಶೀರ್ವಾದ ತಿಳಿಸಿದ್ದಾರೆ, ಮಗಳು ಓಟದ ಸರ್ಟಿಫಿಕೇಟನ್ನು ನೀವು ಬಂದ ಮೇಲೆಯೇ ಗೋಡೆಗೆ ಹಚ್ಚುತ್ತಾಳಂತೆ. ನಿಮ್ಮ ಜೊತೆಯ ನಾಲ್ಕೂ ಮಂದಿಗೆ ವೈನಿ ಕ್ಷೇಮ ಕೇಳಿದಳು ಎಂದು ಹೇಳಿ.

ನಿಮ್ಮ ದಾರಿ ನೋಡುತ್ತಿರುವ,
ಸುಜಾತಾ

ತಾ.ಕ.: ಮಾಳು ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಗುಳಿಗೆ ಒಂದೂ ನುಂಗಿಲ್ಲ. ಎಲ್ಲ ಕುಸುರೆಳ್ಳಿನ ಡಬ್ಬಿಯ ಹಿಂದೆ ಇವೆ. ನುಂಗಿ, ಹಾಡು ನಿಂತು, ಆ ಹೊತ್ತಿಗೇ ನೀವು ದಾರಿಯಲ್ಲಿದ್ದರೆ? ಹುಚ್ಚು ಬಿಟ್ಟ ಹೊರತು ಮದುವೆ ಆಗದು, ಮದುವೆ ಆದ ಹೊರತು ಹುಚ್ಚು ಬಿಡದು ಎನ್ನುತ್ತಾರಲ್ಲ, ಹಾಗಾಗಿದೆ ನನ್ನದು. ಬರುವ ವಾರ ಸರ್ವಿಸಿಂಗಿಗೆ ನಿಮ್ಮ ಗಾಡಿಯೂ ಊರಿಗೆ ಬರುತ್ತದೆ ಎಂದು ಮಾಳು ಹೇಳಿದ. ಬಂದಾಗ ಬೇವಿನ ಗಿಡ ದಾಟಬೇಡಿ. ಮನೆಯ ಮುಂದೆ ಏರಿನಲ್ಲೇ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಮತ್ತೆ ಮೇಲೆ ಹತ್ತಿ ಕುಳಿತುಕೊಳ್ಳಿ, ನಿಮ್ಮ ಹಾಡನ್ನು ಕೊನೆಯವರೆಗೆ ಹಚ್ಚಿ. ಓಣಿಯವರು ನಕ್ಕರೆ ನಗಲಿ. ನಾನು ಬಾಗಿಲಲ್ಲಿ ನಿಂತಿರುತ್ತೇನೆ. ಅವತ್ತೇ ಊಟದ ಮೇಲೆ ಗುಳಿಗೆ ನುಂಗುತ್ತೇನೆ, ದೀಪಾಲಿಯ ಆಣೆ. ಅದಕ್ಕೂ ಮೊದಲು, ಹಾಡು ಮುಗಿದು ಎಲ್ಲ ಸದ್ದು ನಿಂತ ಮೇಲೂ ನೀವು ಸೀಟಿನ ಮೇಲೆ ಕುಳಿತೇ ಇರುವುದನ್ನು ನಾನು ಒಮ್ಮೆ ಕಣ್ಣಾರೆ ನೋಡಬೇಕು.