ತವರಿನ ಮರದ ಬೀರು

ಮಗಳು ಮಿಸಾವೊಗೆ,

ತಾಯಿಯಾಗಿ ಮಾತ್ರವಲ್ಲ, ಹೋಶಿ ಮನೆತನದ ಯಜಮಾನಿಯಾಗಿಯೂ ಇದನ್ನು ಬರೆಯುತ್ತಿದ್ದೇನೆ. ಗಂಡನನ್ನು ಬಿಟ್ಟವಳು ಯಾವ ಮುಖ ಹೊತ್ತು ತವರೂರು ಐಝುವಿಗೆ ಬರಲಿ ಎಂದು ಕೇಳಿದ್ದೀಯಲ್ಲ, ಅದಕ್ಕೆ ಉತ್ತರ ಇದು.

ನೀನು ಹುಟ್ಟಿದಾಗ ನಿನ್ನಪ್ಪ ಹಿತ್ತಲಲ್ಲಿ ಬೇಗ ಬೆಳೆಯುವ ಕಿರೀ ಮರದ ಸಸಿ ನೆಟ್ಟರು. ಮರುವರ್ಷ ಅದನ್ನು ಬುಡಕ್ಕೇ ಕಡಿದಾಗ ನಾನು ಜಗಳವಾಡಿದೆ. "ಸುಮ್ನಿರೇ, ಒಂದ್ಸಲ ಕಡಿದ್ರೇನೇ ಇದು ನೆಟ್ಟಗೆ ಬೆಳೆಯೋದು" ಎಂದು ನಕ್ಕರು. ನಿನ್ನ ಮದುವೆಗೆ ಅದೇ ಮರದಿಂದ ಬೀರು ಮಾಡಿಸಿದೆವು. ಒಂದು ಡ್ರಾಯರ್ ತಳ್ಳಿದರೆ ಒಳಗಿನ ಗಾಳಿಗೆ ಇನ್ನೊಂದು ತಾನಾಗಿಯೇ ಮುಂದೆ ಬರುತ್ತಿತ್ತು. ಅಪ್ಪ ಮಗಳು ಅದನ್ನೇ ಆಡುತ್ತ ಕೂತು, ಸೋಬಾ ಶಾವಿಗೆ ತಣ್ಣಗಾಗಿ, ನನ್ನಿಂದ ಬೈಸಿಕೊಂಡಿರಿ. ಅಪ್ಪ ತೀರಿಹೋದ ಮೇಲೆ ಹಾಗೆ ಬೈಯುವ ಸಂದರ್ಭವೇ ಬಂದಿಲ್ಲ.

ಕಳೆದ ವಾರ ನಿನ್ನ ಅತ್ತೆಯ ಮನೆಗೆ ಹೋಗಿದ್ದೆ. ಆಕೆ ಬಾಗಿಲಲ್ಲೇ ತಡೆದು, "ಮನೆ ಬಿಟ್ಟು ಹೋದೋಳಿಗೆ ಬೀರು ಯಾಕ್ರೀ?" ಎಂದರು.

"ಮರ ನಮ್ಮ ಹಿತ್ತಲದ್ದು, ಮಗಳೂ ನಮ್ಮೋಳೇ. ಸ್ವಲ್ಪ ಪಕ್ಕಕ್ಕೆ ಸರೀರಿ, ಆಳುಗಳು ಒಳಗೆ ಬರ್ಬೇಕು" ಎಂದೆ.

ಅಲ್ಲಿಂದ ಬೀರನ್ನು ಬಡಗಿಯ ಅಂಗಡಿಗೆ ಸಾಗಿಸಿದೆ. ಅವನು ಅದರ ಹೊರಮೈಯನ್ನು ತೆಳುವಾಗಿ ಹೆರೆದುಕೊಟ್ಟ. ಕಲೆಗಳೆಲ್ಲ ಹೋಗಿ ಹೊಸ ಮರದಂತೆ ಬೆಳ್ಳಗಾಗಿದೆ. ಬರುವಾಗ ಅದರಲ್ಲಿಡಲು ಉಣ್ಣೆ ಬಟ್ಟೆಗಳನ್ನು ಚೆನ್ನಾಗಿ ಒಣಗಿಸಿ ತಾ. ಬೀರನ್ನು ಹಿಂದಿನ ಓಣಿಯಲ್ಲಿ ಕತ್ತಲಾದ ಮೇಲೆ ಮನೆಗೆ ತರೋಣವೆಂದು ನಿನ್ನ ಚಿಕ್ಕಪ್ಪ ಹೇಳಿದ. ನಾನು ಕೇಳಲಿಲ್ಲ. ನಿನ್ನೆ ಹಾಡಹಗಲೇ, ಅಂಗಡಿ ಬೀದಿಯ ನಡುವೆ, ಮದುವೆಯ ದಿನ ಬೀರಿಗೆ ಕಟ್ಟಿದ್ದ ಅದೇ ಹಸಿರು ಬಟ್ಟೆ ಹೊದಿಸಿ ಹೊರಿಸಿಕೊಂಡು ಬಂದು, ನಿನ್ನ ಕೋಣೆಯಲ್ಲಿ ಇಡಿಸಿದ್ದೇನೆ.

ನಿನ್ನ ತಾಯಿ,
ಹೋಶಿ ತೊಯೊನೊ